ಕ್ಲಾರ್ಕ್ ಬೀದಿಯಿಂದ ಪ್ಯಾಲಟೈನ್‌ವರೆಗೆ

ಶಿಕಾಗೋದಲ್ಲಿ ಕ್ಲಾರ್ಕ್ ಬೀದಿ ಮತ್ತು ನಾರ್ತ್ ಅವೆನ್ಯೂ ಕೂಡುವ ಕಡೆ ಇಟ್ಟಿಗೆಯ ಒಂದು ಭಾರಿ ಕಟ್ಟಡವಿದೆ. ಅದೇ ಮೂಡಿ ಚರ್ಚ್. 1925ರಲ್ಲಿ ಪ್ರತಿಷ್ಠೆಯಾದ ಈ ದೇವಾಲಯ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾವನ್ನು ನೆನೆದು ಕಟ್ಟಿದ್ದು; ಒಳಗೆ ಸುಮಾರು 3,700 ಜನ ಕೂರಬಹುದು. ಬಾಲ್ಕನಿಯ ಮೆಟ್ಟಿಲು ಹತ್ತಿ ಕೆಳಗೆ ನೋಡಿದಾಗ ಸಾಲು ಸಾಲು ಕುರ್ಚಿಗಳು ಕಮಾನಿನಂತೆ ಬಾಗಿ ವೇದಿಕೆಯತ್ತ ಇಳಿದಿದ್ದವು. ಇಷ್ಟಕ್ಕೂ ಮೊದಲು ಹದಿನೆಂಟು ಬೀದಿ ಮಕ್ಕಳಿದ್ದರು ಎಂಬುದು ನೆನಪಾಗಿ ನನ್ನ ಮೈ ಜುಮ್ಮೆಂದಿತು.

ಡಿ. ಎಲ್. ಮೂಡಿಯವರು ಈ ಊರಿಗೆ ಬಂದದ್ದು 1856ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಕಸುಬು ಬೂಟು ಮಾರುವುದು, ಓದು ಅಷ್ಟಕ್ಕಷ್ಟೆ. ಆ ಕಾಲದ ಅಮೆರಿಕದ ಎಷ್ಟೋ ಚರ್ಚುಗಳಲ್ಲಿ ಬೆಂಚುಗಳಿಗೆ ಬಾಡಿಗೆಯಿತ್ತು. ವರ್ಷಕ್ಕಿಷ್ಟು ಎಂದು ಕೊಟ್ಟ ಮನೆಯವರಿಗೇ ಆ ಬೆಂಚು ಮೀಸಲು. ಮೂಡಿಯವರು ತಮ್ಮ ಗಳಿಕೆಯಲ್ಲಿ ನಾಲ್ಕು ಬೆಂಚು ಬಾಡಿಗೆಗೆ ಹಿಡಿದರು. ಬೀದಿಯಲ್ಲಿ, ವಸತಿಗೃಹಗಳಲ್ಲಿ ಸಿಕ್ಕ ತರುಣರನ್ನು ಕರೆತಂದು ಅಲ್ಲಿ ಕೂರಿಸಿದರು. ಅಷ್ಟು ಸಾಲದೆಂದು ವೆಲ್ಸ್ ಬೀದಿಯ ಒಂದು ಸಂಡೇ ಸ್ಕೂಲಿಗೆ ಹೋಗಿ ಪಾಠ ಹೇಳಲು ಅವಕಾಶ ಕೇಳಿದರು. ಅಲ್ಲಿ ಕಲಿಸುವವರು ಬೇಕಾದಷ್ಟಿದ್ದರು, ಮಕ್ಕಳಿಗೇ ಬರ. ಮಕ್ಕಳನ್ನು ನೀವೇ ತಂದರೆ ಕಲಿಸಬಹುದು ಎಂಬ ಉತ್ತರ ಸಿಕ್ಕಿತು. ಮುಂದಿನ ಭಾನುವಾರ ಮಾಸಿದ ಬಟ್ಟೆಯ ಹದಿನೆಂಟು ಮಕ್ಕಳೊಡನೆ ಬಾಗಿಲಲ್ಲಿ ನಿಂತಿದ್ದರು ಆ ಬೂಟಿನ ವ್ಯಾಪಾರಿ!

ಮುಂದೆ ಆ ಮಕ್ಕಳ ಗುಂಪು ಬೆಳೆದು ನಾರ್ತ್ ಮಾರ್ಕೆಟ್ ಹಾಲ್ ಎಂಬ ಸಂತೆಕಟ್ಟಡಕ್ಕೆ ಹೋಯಿತು. ಶನಿವಾರ ರಾತ್ರಿ ಅಲ್ಲಿ ಕುಣಿತ, ಕುಡಿತ. ಭಾನುವಾರ ಬೆಳಿಗ್ಗೆ ಬೀರಿನ ಪೀಪಾಯಿಗಳನ್ನು ಹೊರಗೆ ಉರುಳಿಸಿ, ನೆಲ ತೊಳೆದು, ಆಮೇಲೆ ಪಾಠ. ಊರಿನಲ್ಲಿ ನಾನೂ ಬಹಳ ಕಾಲ ಸಂಡೇ ಸ್ಕೂಲಿನಲ್ಲಿ ಕಲಿಸಿದವನು. ಮಕ್ಕಳು ಬರುವ ಮುಂಚೆ ಕೋಣೆ ಗುಡಿಸುವ ಆ ಹೊತ್ತು ನನಗೆ ಚೆನ್ನಾಗಿ ಗೊತ್ತು. ಯಾವ ಸಭೆಯ ಚರಿತ್ರೆಯಲ್ಲೂ ಅದಕ್ಕೊಂದು ಪುಟ ಸಿಗುವುದಿಲ್ಲ. ನನ್ನ ಮಟ್ಟಿಗೆ ಮೊದಲ ಪುಟ ಅದೇ.

ಹೊರಗೆ ಬಂದು ರಸ್ತೆ ದಾಟಿದರೆ ಶಿಕಾಗೋ ಇತಿಹಾಸ ಸಂಗ್ರಹಾಲಯ. ಅದರ ಹಿಂದೆ ಲಿಂಕನ್ ಪಾರ್ಕಿನಲ್ಲಿ ಸೇಂಟ್ ಗಾಡನ್ಸ್ ಎಂಬ ಶಿಲ್ಪಿ 1887ರಲ್ಲಿ ನಿಲ್ಲಿಸಿದ ಅಬ್ರಹಾಂ ಲಿಂಕನ್ ಪ್ರತಿಮೆ. ತಲೆ ತಗ್ಗಿಸಿ, ಕುರ್ಚಿಯಿಂದ ಈಗಷ್ಟೇ ಎದ್ದು ಮಾತಿಗೆ ನಿಂತಂತಿದ್ದಾರೆ. ನನ್ನ ಜೊತೆ ಬಂದಿದ್ದ ತಮ್ಮನ ಮಗಳು ಫೋಟೋ ತೆಗೆಯುತ್ತ, "ದೊಡ್ಡಪ್ಪ, ಇವರಿಗೂ ಆ ಚರ್ಚಿಗೂ ಏನು ಸಂಬಂಧ?" ಎಂದಳು. ಸಂಬಂಧವಿದೆ. ಅಧ್ಯಕ್ಷರಾಗಿ ಚುನಾಯಿತರಾಗಿ, ಇನ್ನೂ ಅಧಿಕಾರ ವಹಿಸಿಕೊಳ್ಳದಿದ್ದ 1860ರ ನವೆಂಬರಿನಲ್ಲಿ ಲಿಂಕನ್ ಮೂಡಿಯವರ ಸಂಡೇ ಸ್ಕೂಲಿಗೆ ಬಂದು ಆ ಮಕ್ಕಳೆದುರು ನಿಂತು ಮಾತನಾಡಿದ್ದರು. ನಾನು ಹೇಳಿದ್ದನ್ನು ಕೇಳಿ ಅವಳು ಕ್ಯಾಮೆರಾ ಇಳಿಸಿ, ಆ ಇಟ್ಟಿಗೆಯ ಗೋಡೆಯ ಕಡೆ ತಿರುಗಿ ನೋಡಿದಳು.

ಮಕ್ಕಳು ದೊಡ್ಡವರಾದರು. ಅವರ ಹಿಂದೆಯೇ ಅಪ್ಪ ಅಮ್ಮಂದಿರೂ ಬಂದರು. ಬಾಡಿಗೆ ಬೆಂಚಿನ ಸಿರಿವಂತ ಚರ್ಚುಗಳಿಗೆ ಅವರನ್ನು ಕಳಿಸಿದರೆ ಅಲ್ಲಿ ಅವರ ಮನಸ್ಸು ನಿಲ್ಲುತ್ತಿರಲಿಲ್ಲ. ಹೀಗೆ 1864ರಲ್ಲಿ ಇಲಿನಾಯ್ ಬೀದಿಯಲ್ಲಿ ಹೊಸ ಸಭೆಯೇ ಹುಟ್ಟಿತು. ಮೂಡಿಯವರು ಸ್ಥಾಪಕರು, ಆದರೆ ಅವರಿಗೆ ಸಭಾಪಾಲಕರ ದೀಕ್ಷೆ ಆಗಿರಲಿಲ್ಲ, ಕೊನೆಯತನಕವೂ ಆಗಲಿಲ್ಲ. 1871ರ ಅಕ್ಟೋಬರಿನ ಮಹಾ ಬೆಂಕಿಯಲ್ಲಿ ಆ ಚರ್ಚೂ ಅವರ ಮನೆಯೂ ಸುಟ್ಟುಹೋದವು. ಅದೇ ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ, ಸುಟ್ಟ ನೆಲದ ನಡುವೆ ಹೊಸ ತಾತ್ಕಾಲಿಕ ಆಲಯ ತೆರೆಯಿತು. ಎರಡೂವರೆ ತಿಂಗಳು! ನಮ್ಮಲ್ಲಿ ಕಟ್ಟಡ ಸಮಿತಿ ರಚಿಸುವುದಕ್ಕೇ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಮರುದಿನ ಆಗಿಲ್ವಿ ನಿಲ್ದಾಣದಿಂದ ವಾಯವ್ಯದ ಕಡೆ ಹೋಗುವ ಮೆಟ್ರಾ ರೈಲು ಹತ್ತಿದೆವು. ಒಂದೇ ಹಳಿಯ ಮೇಲೆ ಪಾರ್ಕ್ ರಿಡ್ಜ್, ಪ್ಯಾಲಟೈನ್, ಬ್ಯಾರಿಂಗ್ಟನ್. ಮೂಡಿಯವರ ಕಾಲದಿಂದ ನೂರು ವರ್ಷಗಳ ನಂತರ, ಯುವಜನರ ಗುಂಪೊಂದು ಸಭೆಯಾಗಿ ಬೆಳೆದ ಕಥೆ ಈ ನಿಲ್ದಾಣಗಳಲ್ಲೇ ನಡೆದದ್ದು.

ಪಾರ್ಕ್ ರಿಡ್ಜ್ ಮರಗಳ ನೆರಳಿನ ನೆಮ್ಮದಿಯ ಊರು. 1970ರ ದಶಕದ ಆರಂಭದಲ್ಲಿ ಇಲ್ಲಿನ ಸೌತ್ ಪಾರ್ಕ್ ಚರ್ಚಿನ ಯುವಜನರ ಗುಂಪನ್ನು ಬಿಲ್ ಹೈಬಲ್ಸ್ ಮತ್ತು ಡೇವ್ ಹೋಲ್ಮ್‌ಬೊ ಎಂಬ ಇಬ್ಬರು ತರುಣರು ನಡೆಸುತ್ತಿದ್ದರು. ಗಿಟಾರು, ಡ್ರಮ್ಮು, ಕಿರುನಾಟಕ, ಹದಿಹರೆಯದವರ ಭಾಷೆಯಲ್ಲೇ ಪ್ರಸಂಗ. ಗುಂಪು ಸಾವಿರ ದಾಟಿತು. ಗಿಲ್ಬರ್ಟ್ ಬಿಲಜಿಕಿಯನ್ ಎಂಬ ಪ್ರಾಧ್ಯಾಪಕರು ತರಗತಿಯಲ್ಲಿ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದ ಸಭೆಯನ್ನು ಬಣ್ಣಿಸಿದ್ದು ಹೈಬಲ್ಸರ ತಲೆಯಲ್ಲಿ ಕೂತಿತ್ತು: ಊಟ, ಪ್ರಾರ್ಥನೆ, ಆಸ್ತಿ ಎಲ್ಲವನ್ನೂ ಹಂಚಿಕೊಂಡ ಮೊದಲ ವಿಶ್ವಾಸಿಗಳ ಚಿತ್ರ. ಅಂಥದ್ದು ಹುಡುಗರಿಗೆ ಸಾಧ್ಯವಾದರೆ ದೊಡ್ಡವರಿಗೇಕೆ ಆಗದು?

ಈ ಪ್ರಶ್ನೆ ಎಷ್ಟು ದೊಡ್ಡದೆಂದು ಯುವಜನರ ನಡುವೆ ದುಡಿದವರಿಗೆ ಗೊತ್ತು. ಯೂತ್ ಫೆಲೋಶಿಪ್ಪಿನಲ್ಲಿ ಹುಡುಗರು ಬರುತ್ತಾರೆ, ಕೆಲವು ವರ್ಷ ಇರುತ್ತಾರೆ, ಕೆಲಸ ಹಿಡಿದು ಬೆಂಗಳೂರಿಗೋ ದುಬೈಗೋ ಹೊರಡುತ್ತಾರೆ. ಸಭೆ ಎಂದಾಗ ನಾಮಕರಣ, ಮದುವೆ, ಆಸ್ಪತ್ರೆ, ಸಮಾಧಿ, ಅಣ್ಣತಮ್ಮಂದಿರ ಜಗಳ ಎಲ್ಲವೂ ಬಾಗಿಲಿಗೆ ಬರುತ್ತವೆ. ಹಾಡು ಮುಗಿದ ಮೇಲೂ ಅಲ್ಲೇ ಉಳಿಯಬೇಕು.

ಹೈಬಲ್ಸರೂ ಗೆಳೆಯರೂ ಅಂಥ ಸಭೆ ಕಟ್ಟಲು ಹೊರಟೇ ಬಿಟ್ಟರು. ಹಣಕ್ಕಾಗಿ ಹುಡುಗ ಹುಡುಗಿಯರು ಮನೆ ಮನೆಗೆ ಟೊಮೆಟೊ ಮಾರಿದರು. ಬಾಗಿಲು ತಟ್ಟಿ, ನೀವು ಚರ್ಚಿಗೆ ಏಕೆ ಹೋಗುವುದಿಲ್ಲ ಎಂದು ಕೇಳಿದರು. ಸದಾ ದುಡ್ಡು ಕೇಳುತ್ತಾರೆ, ಬೇಸರವಾಗುತ್ತದೆ ಎಂಬ ಉತ್ತರಗಳನ್ನು ಬೇಜಾರಿಲ್ಲದೆ ಬರೆದುಕೊಂಡರು. 1975ರ ಅಕ್ಟೋಬರ್ 12ರಂದು ಪ್ಯಾಲಟೈನ್‌ನ ವಿಲೋ ಕ್ರೀಕ್ ಎಂಬ ಚಿತ್ರಮಂದಿರದಲ್ಲಿ ಮೊದಲ ಆರಾಧನೆ ನಡೆಯಿತು. ಬಂದವರು ಸುಮಾರು 125 ಜನ. ಪ್ರಸಂಗ ಮಾಡಿದ ಹೈಬಲ್ಸರಿಗೆ ಇಪ್ಪತ್ತನಾಲ್ಕೂ ತುಂಬಿರಲಿಲ್ಲ. ಸಿನಿಮಾ ಮಂದಿರದ ಹೆಸರೇ ಸಭೆಯ ಹೆಸರಾಯಿತು.

ಪ್ಯಾಲಟೈನ್‌ನಲ್ಲಿ ಇಳಿದು ಕಾರಿನಲ್ಲಿ ಸೌತ್ ಬ್ಯಾರಿಂಗ್ಟನ್‌ಗೆ ಹೋದೆವು. ಸಭೆ 1981ರಲ್ಲಿ ಇಲ್ಲಿಗೆ ಬಂತು. 2004ರಲ್ಲಿ ತೆರೆದ ಸಭಾಂಗಣದಲ್ಲಿ ಏಳು ಸಾವಿರಕ್ಕೂ ಹೆಚ್ಚು ಆಸನಗಳಿವೆ. ಕೊಳ, ಹುಲ್ಲು, ಕಣ್ಣು ಹಾಯುವಷ್ಟು ವಾಹನ ನಿಲುಗಡೆ. ಆ ಆಸನಗಳ ನಡುವೆ ನಿಂತು ನಾನು ಬೆರಗಾದೆ, ಜೊತೆಗೆ ನೊಂದೆ ಕೂಡ. ಹಲವು ಮಹಿಳೆಯರು ಹೈಬಲ್ಸರ ಮೇಲೆ ಅನುಚಿತ ವರ್ತನೆಯ ಆರೋಪ ಮಾಡಿದರು. ಅವರು ಅದನ್ನು ನಿರಾಕರಿಸಿದರು, 2018ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಆಗಸ್ಟಿನಲ್ಲಿ ಸಭೆಯ ಹಿರಿಯರೆಲ್ಲರೂ ರಾಜೀನಾಮೆ ಕೊಟ್ಟರು. ಮರುವರ್ಷ ಸ್ವತಂತ್ರ ಸಲಹಾ ತಂಡವೊಂದು ಆ ಆರೋಪಗಳು ನಂಬಲರ್ಹ ಎಂದು ವರದಿ ಮಾಡಿತು. ಇದನ್ನು ಬಿಟ್ಟು ಈ ಸಭೆಯ ಕಥೆ ಹೇಳಿದರೆ ಬಾಯಿಬಿಟ್ಟು ಮಾತಾಡಿದ ಆ ಹೆಂಗಸರಿಗೆ ಅನ್ಯಾಯ. ಬಿಸಿಲಲ್ಲಿ ಟೊಮೆಟೊ ಹೊತ್ತ ಹುಡುಗ ಹುಡುಗಿಯರ ಪ್ರೀತಿ ಸುಳ್ಳಾಯಿತೆಂದೂ ನಾನು ಹೇಳಲಾರೆ. ಸಭೆಯನ್ನು ಕಟ್ಟಿದವರು ಅವರು, ಒಬ್ಬ ನಾಯಕನಲ್ಲ.

ಮಕ್ಕಳ ಮನೆಗೆಂದು ಶಿಕಾಗೋಗೆ ಹೋಗುವ ಕನ್ನಡಿಗರು ಈಗ ಬಹಳ. ಆರೋರಾದ ಬಾಲಾಜಿ ದೇವಸ್ಥಾನ, ಮಿಲೇನಿಯಂ ಪಾರ್ಕು ನೋಡಿ ಬರುತ್ತಾರೆ. ನಿಮ್ಮೂರಿನ ಸಂಡೇ ಸ್ಕೂಲನ್ನೋ ಯೂತ್ ಫೆಲೋಶಿಪ್ಪನ್ನೋ ನಡೆಸುವವರು ನೀವಾಗಿದ್ದರೆ, ಒಂದು ಭಾನುವಾರ ಬಿಡುವು ಮಾಡಿಕೊಂಡು ಕ್ಲಾರ್ಕ್ ಬೀದಿಗೆ ಹೋಗಿ ಆರಾಧನೆಯಲ್ಲಿ ಕುಳಿತುಬನ್ನಿ. ಅಲ್ಲಿ ಯಾವ ಬೆಂಚಿಗೂ ಬಾಡಿಗೆಯಿಲ್ಲ.