ಲೋಥಲ್‌ನ ಕಲ್ಲಿನ ಚಾಕು

ಗುಜರಾತಿನ ಲೋಥಲ್‌ಗೆ ಹೋದವರೆಲ್ಲ ಮೊದಲು ನೋಡುವುದು ಹಡಗುಕಟ್ಟೆ ಎನ್ನಲಾದ ದೊಡ್ಡ ಇಟ್ಟಿಗೆಯ ಕೊಳವನ್ನು. ನಾನು ಹೆಚ್ಚು ಹೊತ್ತು ನಿಂತದ್ದು ಪಕ್ಕದ ಮ್ಯೂಸಿಯಂನಲ್ಲಿ, ಕಲ್ಲಿನ ಅಲಗುಗಳ ಮುಂದೆ. ತೆಳ್ಳಗೆ, ಉದ್ದಕ್ಕೆ, ರಿಬ್ಬನ್ನಿನ ಹಾಗೆ ನೇರ. ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಮೇಲೆ!

ಈ ಕಲ್ಲು ಚರ್ಟ್, ನಮ್ಮ ಚಕಮಕಿ ಕಲ್ಲಿನ ನೆಂಟ. ಒಡೆದರೆ ಚಿಪ್ಪಿನಂತೆ ಬಾಗಿದ ಚೂರು ಏಳುತ್ತದೆ; ಅಂಚು ಬಲು ಹರಿತ. ಕಂದು-ಬೂದು ಬಣ್ಣ, ನುಣುಪು ಮೈ, ಅಲ್ಲಲ್ಲಿ ಪಟ್ಟೆ ಇದ್ದರೆ ಅದು ಸಿಂಧ್‌ನ ರೋಹ್ರಿ ಗುಡ್ಡಗಳದ್ದಿರಬಹುದು. ಬಣ್ಣವೊಂದನ್ನೇ ನಂಬದೆ, ಗುಡ್ಡದ ಕಲ್ಲಿನೊಡನೆ ಹೋಲಿಸಿ ನೋಡಬೇಕು. ರೋಹ್ರಿ ಈಗ ಪಾಕಿಸ್ತಾನದಲ್ಲಿದೆ. ಲೋಥಲ್‌ನಿಂದ 600 ಕಿಲೋಮೀಟರಿಗೂ ದೂರ. ಅಷ್ಟು ದೂರದಿಂದ ಚಾಕುವಿನ ಕಲ್ಲು ಬರುತ್ತಿತ್ತು!

1955ರಿಂದ ಇಲ್ಲಿ ಉತ್ಖನನ ನಡೆಸಿದವರು ಕರ್ನಾಟಕದವರೇ ಆದ ಶಿಕಾರಿಪುರ ರಂಗನಾಥ ರಾವ್. ಮೇಲಿನ, ಅಂದರೆ ಈಚಿನ ಪದರಗಳಲ್ಲಿ ಅವರಿಗೆ ಉದ್ದನೆಯ ಚರ್ಟ್ ಅಲಗುಗಳ ಬದಲು ಜಾಸ್ಪರ್, ಅಗೇಟ್ ಕಲ್ಲುಗಳ ಗಿಡ್ಡ ಅಲಗುಗಳು ಸಿಕ್ಕವು. ಇವು ಗುಜರಾತಿನಲ್ಲೇ ಸಿಗುವ ಕಲ್ಲುಗಳು. ದೂರದ ವ್ಯಾಪಾರ ನಿಂತಿತ್ತು, ಊರು ಬಡವಾಗಿತ್ತು. ಅದನ್ನು ಹೇಳಿದ್ದು ಈ ಪುಟ್ಟ ಅಲಗುಗಳೇ.

ಮಕ್ಕಳೇ, ಮ್ಯೂಸಿಯಂನಲ್ಲಿ ಹಳೆಯ ಕಲ್ಲು ಕಂಡರೆ ‘ಇದು ಎಲ್ಲಿಂದ ಬಂತು?’ ಎಂದು ಅಜ್ಜ-ಅಜ್ಜಿಯನ್ನು ಕೇಳಿ, ಜೊತೆಯಾಗಿ ಹುಡುಕಿ.