ಇಂಗಳದಾಳಿನಿಂದ ತಾಳ್ಯದವರೆಗೆ ಚಿನ್ನದ ಜಾಡು

ಚಿತ್ರದುರ್ಗಕ್ಕೆ ಬಂದವರು ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಚಂದ್ರವಳ್ಳಿ ನೋಡಿ ಬಸ್ಸು ಹಿಡಿಯುತ್ತಾರೆ. ನಾನು ಈ ಸಲ ಕೋಟೆಗೆ ಬೆನ್ನು ಹಾಕಿ ಹೊರಟೆ. ಜೊತೆಗಿದ್ದವರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಹೊಳಪಿಲ್ಲದ ಪಿಂಗಾಣಿ ಬಿಲ್ಲೆಯ ಚೂರು, ಊಟದ ಸ್ಟೀಲ್ ತಟ್ಟೆ. ಸುತ್ತಿಗೆ ಎಲ್ಲಿ ಎಂದೆ. "ನೋಡೋಕೆ ಹೋಗ್ತಿರೋದು, ಒಡೆಯೋಕಲ್ಲ" ಎಂದರು.

ಕೋಟೆ ನಿಂತಿರುವುದು ಗ್ರಾನೈಟ್ ಮೇಲೆ. ಚಿನ್ನದ ಜಾಡು ಇರುವುದು ಅದರ ಪಕ್ಕದಲ್ಲಿ, ಗದಗದ ಕಡೆಯಿಂದ ಶ್ರೀರಂಗಪಟ್ಟಣದವರೆಗೆ ಹಾಯ್ದುಹೋಗಿರುವ ಹಸಿರುಗಪ್ಪು ಶಿಲೆಗಳ ಪಟ್ಟಿಯಲ್ಲಿ. ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗ ಪಟ್ಟಿ ಎಂದೇ ಕರೆಯುತ್ತಾರೆ. ಅದರ ಶಿಲಾಸ್ತೋಮಗಳ ಹೆಸರು ವಾಣಿವಿಲಾಸ, ಇಂಗಳದಾಳ್, ಹಿರಿಯೂರು. ನಮ್ಮ ಬಸ್ಸಿನ ಬೋರ್ಡುಗಳೇ ಅವರ ಪುಸ್ತಕಕ್ಕೆ ಹೋಗಿ ಕುಳಿತಿವೆ! ಶಿರಾ ತಾಲ್ಲೂಕಿನ ಅಜ್ಜನಹಳ್ಳಿ, ಚಿಕ್ಕನಾಯಕನಹಳ್ಳಿ ಕಡೆಯ ಬೆಳ್ಳಾರದ ಚಿನ್ನದ ಗಣಿಗಳೂ ಇದೇ ಪಟ್ಟಿಯವು. ದುರ್ಗದ ಮಗ್ಗುಲಲ್ಲೇ ಇರುವ ಗುಡ್ಡದರಂಗವ್ವನಹಳ್ಳಿಯಲ್ಲಿ ಚಿನ್ನದ ನಿಕ್ಷೇಪವಿದೆ, 'ಜಿ.ಆರ್. ಹಳ್ಳಿ' ಎಂಬ ಹೆಸರಿನಲ್ಲಿ ಅದರ ಮೇಲೆ ವಿದೇಶದ ಪತ್ರಿಕೆಗಳಲ್ಲೂ ಪ್ರಬಂಧಗಳು ಬಂದಿವೆ. ಅಲ್ಲಿ ನಿಂತು ನೋಡಿದರೆ ಕಾಣುವುದು ಮಾತ್ರ ಕುರುಚಲು ಮತ್ತು ಕಲ್ಲು. ಅದಿರು ಎಂದರೆ ಒಂದು ಟನ್ ಬಂಡೆಗೆ ಕೆಲವೇ ಗ್ರಾಂ ಲೆಕ್ಕ. ಅದು ಕಣ್ಣಿನ ಕೆಲಸವಲ್ಲ.

ಕಣ್ಣಿಗೆ ಹಬ್ಬ ಇಂಗಳದಾಳಿನಲ್ಲಿ. ಇಲ್ಲಿದ್ದದ್ದು ತಾಮ್ರದ ಗಣಿ. ಹಟ್ಟಿ ಚಿನ್ನದ ಗಣಿ ಕಂಪನಿಯೇ ಅದನ್ನು ತನ್ನ ತಾಮ್ರ ಘಟಕವಾಗಿ ನಡೆಸಿತ್ತು. ಕೆಲಸ ನಿಂತಿದೆ, ಕಲ್ಲಿನ ರಾಶಿ ಉಳಿದಿದೆ. ಬಿಸಿಲಿಗೆ ರಾಶಿಯಲ್ಲೊಂದು ಕಲ್ಲು ಥಳಥಳ ಎಂದಿತು. ಮೇಷ್ಟ್ರು ಅದನ್ನು ಪಿಂಗಾಣಿಯ ಮೇಲೆ ಎಳೆದರು: ಹಸಿರುಗಪ್ಪು ಗೆರೆ. ಚಿನ್ನವಾಗಿದ್ದರೆ ಗೆರೆಯೂ ಹಳದಿ ಇರುತ್ತಿತ್ತು. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ. ಪೆಟ್ಟು ಬಿದ್ದರೆ ಪುಡಿಯಾಗುತ್ತದೆ, ಚಿನ್ನವಾದರೆ ಚಪ್ಪಟೆಯಾಗುತ್ತದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಅಷ್ಟು ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದರು.

"ನಿಧಿ ಹುಡುಕಾಕೆ ಬಂದೀರಾ ಸ್ವಾಮಿ?"

"ಇಲ್ಲ ಯಜಮಾನ್ರೇ, ಕಲ್ಲು ನೋಡೋಕೆ."

"ಕಲ್ಲು ನೋಡಾಕೆ ದುರ್ಗ ಇತ್ತಲ್ಲ!"

ಅವರ ಅನುಮಾನ ಸಹಜ. ಹಾಳು ಗುಡಿಗಳ ಗರ್ಭಗುಡಿ ಅಗೆಯುವ ನಿಧಿಗಳ್ಳರ ಕಾಟ ಉಂಡ ಸೀಮೆ ಇದು. ಕಾನೂನಿನ ಕಣ್ಣಿಗೂ ಹವ್ಯಾಸಿ ಎಂಬವನು ಇಲ್ಲ: 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಖನಿಜ ಶೋಧಿಸುವಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಣ್ಣ ಶುಲ್ಕ ಕಟ್ಟಿ ಹತ್ತು ವರ್ಷದ ಹಕ್ಕುಪತ್ರ ಪಡೆದು, ಭಾನುವಾರ ಮಕ್ಕಳ ಸಮೇತ ಹೊಳೆಗೆ ಹೋಗಿ ಚಿನ್ನ ಹುಡುಕಬಹುದು.

ಐಮಂಗಲದ ಹತ್ತಿರದ ಮರಡಿಹಳ್ಳಿ, ಹಿರಿಯೂರು ತಾಲ್ಲೂಕು. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಈ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿದೊಡನೆ ಹೊರಗೆ ಗಟ್ಟಿಯಾಗಿ, ಒಳಗಿನದು ಮತ್ತೆ ಬಿರಿದು ಹೊರಬಂದು ಹೀಗಾಯಿತು. ಮಳೆಗಾಗಿ ಮುಗಿಲು ನೋಡುವ ಹಿರಿಯೂರಿಗೆ ಒಂದು ಕಾಲಕ್ಕೆ ಸಮುದ್ರವೇ ಇತ್ತು! ಇಂಥ ಶಿಲೆಗಳು ಮುಂದೆ ಮಡಚಿ ಬಿರುಕು ಬಿಟ್ಟಾಗ, ಆ ಬಿರುಕುಗಳಲ್ಲಿ ಏರಿಬಂದ ಬಿಸಿನೀರು ಹೊತ್ತು ತಂದದ್ದು ಚಿನ್ನ. ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ಕುಳಿತದ್ದು ಇಲ್ಲೇ. ಮಾರಿಕಣಿವೆಯಲ್ಲಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಏರಿಯ ಮೇಲೆ, ಚಹಾ ಕುಡಿಯುವಷ್ಟು ಹೊತ್ತು ಮಾತ್ರ ನಿಂತೆವು. 89 ವರ್ಷಗಳ ನಂತರ 2022ರಲ್ಲಿ ಕೋಡಿ ಬಿದ್ದ ಸುದ್ದಿಯನ್ನು ಚಹಾದವನು ನಿನ್ನೆಯದೆಂಬಂತೆ ಹೇಳಿದ.

ಹೊಸದುರ್ಗ ತಾಲ್ಲೂಕಿನ ಕೆಲ್ಲೋಡಿನ ಬಳಿ ವೇದಾವತಿಗೆ ಇಳಿದೆವು. ಹಿಂದೆ ಜಲಗಾರರು ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಪ್ಪತಗುಡ್ಡದ ಕಡೆ ಅವರನ್ನು ಕಂಡಿದ್ದ, 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಸೀಮೆಗಳನ್ನೂ ಸುತ್ತಿದ. ಮೇಷ್ಟ್ರು ತಟ್ಟೆಗೆ ಒಂದು ಹಿಡಿ ಮರಳು ಹಾಕಿ, ನೀರು ತುಂಬಿ, ಅಕ್ಕಿ ಜಾಲಿಸುವ ಹಾಗೆ ಜಾಲಿಸಿದರು. ಬೆಣಚುಕಲ್ಲಿನ ಮರಳು ನೀರಿನ ಎರಡೂವರೆ ಪಟ್ಟು ಭಾರ, ಚಿನ್ನ ಹತ್ತೊಂಬತ್ತು ಪಟ್ಟು. ಹಗುರವಾದದ್ದು ಹರಿದುಹೋದರೆ ತಳದಲ್ಲಿ ಭಾರದ್ದು ಉಳಿಯಬೇಕು. ಉಳಿಯಿತು, ಕಪ್ಪು ಮರಳು. ಅಯಸ್ಕಾಂತ ಹಿಡಿದೊಡನೆ ಅದೂ ಮೀಸೆಯಂತೆ ಎದ್ದು ಅಂಟಿಕೊಂಡಿತು. ಒರೆಸಿ ಹೊಳೆಗೇ ಹಾಕಿದೆವು.

ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿದು ತಾಳ್ಯಕ್ಕೆ ಹೋದೆವು. ಊರಿನವರಿಗೆ ತಾಳ್ಯ ಎಂದರೆ ಆಂಜನೇಯ, ಭೂವಿಜ್ಞಾನಿಗಳಿಗೆ ಉರುಟುಗಲ್ಲುಗಳು ಬೆಸೆದ ಪೆಂಟೆಶಿಲೆ. 1886ರಲ್ಲಿ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ ಪ್ರಪಂಚದ ಅತಿ ದೊಡ್ಡ ಚಿನ್ನದ ಸೀಮೆ ಬಯಲಾದದ್ದು ಪೆಂಟೆಶಿಲೆಯಲ್ಲೇ, ಹಾಗಾಗಿ ನನಗೆ ಆಸೆ ಚಿಗುರಿತು. ಮೇಷ್ಟ್ರು ಚಿವುಟಿದರು: ಅಲ್ಲಿಯದು ಬಹುಪಾಲು ಬೆಣಚು, ಇಲ್ಲಿ ಗ್ರಾನೈಟ್, ಕಬ್ಬಿಣದ ಪಟ್ಟೆಗಲ್ಲು ಎಲ್ಲ ಬೆರೆತ ಸಂತೆ.

ವಿಕ್ಟೋರಿಯಾದ ಹಾಗೆ ಎಲ್ಲರಿಗೂ ಹಕ್ಕುಪತ್ರ ಹಂಚಿ ಎಂದು ನಾನು ಹೇಳುವುದಿಲ್ಲ. ಹಂಚಿದರೆ ಮೊದಲು ಸಾಲು ನಿಲ್ಲುವವರು ನಿಧಿಗಳ್ಳರೇ. ಆದರೆ ಗಣಿ ಇಲಾಖೆಯೋ ಹಟ್ಟಿ ಕಂಪನಿಯೋ ದುರ್ಗದಲ್ಲೊಂದು ನೀರಿನ ತೊಟ್ಟಿ ಕಟ್ಟಿಸಿ, ಹಟ್ಟಿಯ ಅದಿರಿನ ಪುಡಿ ತಂದು ಶಾಲಾ ಮಕ್ಕಳ ಕೈಗೆ ಮರಿಗೆ ಕೊಡಬಹುದಲ್ಲ? ಅಲ್ಲಿಯವರೆಗೆ ಹೋಗುವವರು ಹೋಗಿ ಬನ್ನಿ. ಇಂಗಳದಾಳಿನ ಹಳೆಯ ಸುರಂಗಗಳೊಳಗೆ ಮಾತ್ರ ಕಾಲಿಡಬೇಡಿ, ಮರಡಿಹಳ್ಳಿಯ ಬಂಡೆಯಿಂದ ಒಂದು ಚಕ್ಕೆಯನ್ನೂ ಎಬ್ಬಿಸಬೇಡಿ.