ಮಹಡಿ ಕೋಣೆಗೆ ಹೋಗದ ವೈಫೈ: ಕೆಲವು ಟಿಪ್ಪಣಿಗಳು

1.
ಬೆಂಗಳೂರಿನ ಮನೆ, ಎರಡು ಅಂತಸ್ತು. ಫೈಬರ್ ಎಳೆಯಲು ಬಂದ ಹುಡುಗ ಮುಂಬಾಗಿಲ ಪಕ್ಕ ಪ್ಲಗ್ ಪಾಯಿಂಟ್ ಕಂಡ. ವೈಫೈ ಪೆಟ್ಟಿಗೆಯನ್ನು ಅಲ್ಲೇ ಗೋಡೆಗೆ ಹೊಡೆದು ಹೋದ. ಯಾರು ಎಲ್ಲಿ ಕೂತು ಫೋನು ನೋಡಬೇಕೆಂಬುದು ಅಂದೇ ತೀರ್ಮಾನವಾಯಿತು.

2.
ಮಗಳ ಕೋಣೆ ಮಹಡಿಯ ಹಿಂಭಾಗದಲ್ಲಿ. ಅವಳು ಆನ್‌ಲೈನ್ ಕ್ಲಾಸು ಕೇಳುವುದು ಮೆಟ್ಟಿಲ ಮೇಲೆ. ಏಳನೇ ಮೆಟ್ಟಿಲು. ಎಂಟನೆಯದರಲ್ಲಿ ಮೇಷ್ಟರ ಮುಖ ನಿಂತುಬಿಡುತ್ತದೆ.

3.
2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದು ಸುಮಾರು 6. ಗೋಡೆಗೆ ಬಡಿದು ಬಂದ ಅಲೆ, ನೇರ ಬಂದ ಅಲೆ, ಕೆಲವೆಡೆ ಕೂಡಿಕೊಳ್ಳುತ್ತವೆ. ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಫೋನನ್ನು ನಾಲ್ಕು ಬೆರಳು ಸರಿಸಿದರೂ ಲೆಕ್ಕ ಬದಲಾಗುತ್ತದೆ.

4.
ಪೆಟ್ಟಿಗೆಗೂ ಮಗಳ ಕೋಣೆಗೂ ನಡುವೆ ಇರುವವು: ಇಟ್ಟಿಗೆ ಗೋಡೆ ಎರಡು. ಆರ್‌ಸಿಸಿ ಚಾವಣಿ ಒಂದು, ಒಳಗೆ ಕಬ್ಬಿಣದ ಸರಳು. ಅಕ್ಕಿ ಡ್ರಮ್ಮು. ಕಬ್ಬಿಣದ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಕನ್ನಡಿಯ ಹಿಂದೆ ಲೋಹದ ಲೇಪ. ಅದು ಮುಖವನ್ನೂ ಹಿಂದಕ್ಕೆ ಕಳಿಸುತ್ತದೆ, ವೈಫೈಯನ್ನೂ.

5.
ಅತ್ತೆ ಪೆಟ್ಟಿಗೆಯ ಎರಡೂ ಆಂಟೆನಾಗಳನ್ನು ಮೊಮ್ಮಗಳ ಕೋಣೆಯ ಕಡೆಗೆ ತೋರಿಸಿಟ್ಟರು. ಈ ಬಗೆಯ ಆಂಟೆನಾ ಅಲೆ ಬೀರುವುದು ತನ್ನ ಸುತ್ತಲೂ, ತುದಿಯಿಂದಲ್ಲ. ತುದಿ ನೆಟ್ಟ ದಿಕ್ಕಿಗೇ ಎಲ್ಲಕ್ಕಿಂತ ಕಡಿಮೆ ಹೋಗುತ್ತದೆ. ಅತ್ತೆಗೆ ಹೇಳಿಲ್ಲ.

6.
ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಇದೆ. ಹಾಲಿನಲ್ಲಿ ಮೈನಸ್ 48. ಏಳನೇ ಮೆಟ್ಟಿಲಲ್ಲಿ ಮೈನಸ್ 66. ಕೋಣೆಯಲ್ಲಿ ಮೈನಸ್ 79. ಈ ಅಳತೆಯಲ್ಲಿ ಹತ್ತು ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲು. ಹಾಲಿನಲ್ಲಿ ಇದ್ದುದರ ಸಾವಿರದಲ್ಲೊಂದು ಪಾಲೂ ಕೋಣೆಗೆ ತಲುಪಿಲ್ಲ. ಫೋನಿನ ಪರದೆಯಲ್ಲಿ ಒಂದು ಗೆರೆ ಕಡಿಮೆ, ಅಷ್ಟೆ.

7.
ಆ ಗೆರೆಗಳು ಹೇಳುವುದು ಪೆಟ್ಟಿಗೆಯ ಮಾತು ಫೋನಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನು. ಫೋನಿನ ಮಾತು ಪೆಟ್ಟಿಗೆಗೆ ಕೇಳಿಸುತ್ತಿದೆಯೇ? ಅದಕ್ಕೆ ಗೆರೆ ಇಲ್ಲ.

8.
ಭಾರತದಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ 2005ರಿಂದ ಲೈಸೆನ್ಸ್ ಬೇಡ. 5 ಗಿಗಾಹರ್ಟ್ಸ್‌ನ ಬಹುಭಾಗ ಹಾಗೆ ಮುಕ್ತವಾದದ್ದು 2018ರಲ್ಲಿ. ಮೊದಲನೆಯದು ಗೋಡೆ ದಾಟುವುದರಲ್ಲಿ ಮುಂದು, ವೇಗದಲ್ಲಿ ಹಿಂದು. ಎರಡನೆಯದು ತಿರುವುಮುರುವು.

ಮೈಕ್ರೊವೇವ್ ಒಲೆಯೂ 2.45 ಗಿಗಾಹರ್ಟ್ಸ್‌ನಲ್ಲೇ ಹಾಲು ಕಾಯಿಸುತ್ತದೆ.

9.
ನೆರೆಹೊರೆಯ ವೈಫೈ ಎಣಿಸಿದೆ: 23. ಒಂದರ ಹೆಸರು ‘ಪಾಸ್‌ವರ್ಡ್ ಕೇಳಬೇಡಿ’. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಯಾರೋ ಒಬ್ಬರು 4ರಲ್ಲಿ ಕೂತಿದ್ದಾರೆ. 1ರವರಿಗೂ ತೊಂದರೆ, 6ರವರಿಗೂ ತೊಂದರೆ.

10.
ಎಸ್.ಪಿ. ರೋಡ್. ಅಂಗಡಿಯವರು ಹೇಳಿದರು: ‘ರಿಪೀಟರ್ ತಗೊಳ್ಳಿ ಸಾರ್, ಪ್ಲಗ್‌ಗೆ ಹಾಕಿದ್ರೆ ಆಯ್ತು.’
‘ಎಲ್ಲಿ ಹಾಕ್ಬೇಕು?’
‘ಎಲ್ಲಿ ಸಿಗ್ನಲ್ ಇಲ್ವೋ ಅಲ್ಲಿ.’
ಸಿಗ್ನಲ್ ಇಲ್ಲದ ಕಡೆ ಅದು ಏನನ್ನು ರಿಪೀಟ್ ಮಾಡುತ್ತದೆ ಎಂದು ಕೇಳಲಿಲ್ಲ. ಹಿಂದೆ ಜನ ಕಾಯುತ್ತಿದ್ದರು.

11.
ಅಗ್ಗದ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಿ. ಕೇಳುವಾಗ ಹೇಳಲಾಗದು. ವೇಗ ಅರ್ಧಕ್ಕೆ ಇಳಿಯುತ್ತದೆ. ಆಕ್ಸೆಸ್ ಪಾಯಿಂಟ್‌ಗೆ ಈ ಕಷ್ಟವಿಲ್ಲ. ಅದಕ್ಕೆ ನೆಟ್ ಬರುವುದು ಕೇಬಲ್ಲಿನಲ್ಲಿ.

12.
ಒಂದು ಡಬ್ಬದ ಮೇಲೆ ‘ಎಸಿ1200’. 2.4ರಲ್ಲಿ 300 ಎಂಬಿಪಿಎಸ್, 5ರಲ್ಲಿ 867, ಎರಡನ್ನೂ ಕೂಡಿ ಮೇಲಕ್ಕೆ ಏರಿಸಿದ್ದು. ಹಿಂಬದಿಯ ಪೋರ್ಟುಗಳ ವೇಗ 100 ಎಂದು ಸಣ್ಣಕ್ಷರದಲ್ಲಿದೆ. ಮುಂದೆ 1200, ಹಿಂದೆ 100.

ನಮ್ಮ ಮನೆಯ ಪ್ಲಾನು 100.

13.
ಚಾವಣಿಗೆ ಹೊಡೆಯುವ ಆಕ್ಸೆಸ್ ಪಾಯಿಂಟೂ ತೋರಿಸಿದರು. ಬಿಳಿ ತಟ್ಟೆ. ನೆಟ್ಟೂ ಕರೆಂಟೂ ಒಂದೇ ಕೇಬಲ್ಲಿನಲ್ಲಿ. ಕೆಲವಕ್ಕೆ 48 ವೋಲ್ಟ್, ಕೆಲವಕ್ಕೆ 24. ಪಿನ್ನಿನ ಆಕಾರ ಎರಡಕ್ಕೂ ಒಂದೇ. ಕರೆಂಟ್ ಊಡಿಸುವ ಅಡಾಪ್ಟರ್ ಕೆಲವು ಡಬ್ಬಗಳಲ್ಲಿ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ. ಬೆಲೆ ಹೋಲಿಸುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ, ಮನೆಗೆ ಬಂದ ಮೇಲೆ ಬರುತ್ತದೆ.

14.
ಬರಿಗೈಯಲ್ಲಿ ಬಂದೆ. ಅಟ್ಟದಲ್ಲಿ, ಹಿತ್ತಾಳೆ ಹಂಡೆಯ ಹಿಂದೆ, ಹಳೆಯ ರೌಟರ್ ಸಿಕ್ಕಿತು. ಅದರ ಮೇಲೂ 1200 ಎಂದಿದೆ. ಅಡಾಪ್ಟರ್ ಸಿಕ್ಕಿದ್ದು ಗೊಂಬೆ ಹಬ್ಬದ ಸೀರಿಯಲ್ ಸೆಟ್ಟಿನ ಡಬ್ಬದಲ್ಲಿ.

15.
ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡುವ ಕ್ರಮ: ವಿಳಾಸವನ್ನು ಕೆಳಗಿನ ಪೆಟ್ಟಿಗೆಯದಕ್ಕಿಂತ ಬೇರೆ ಮಾಡಬೇಕು. ಡಿಎಚ್‌ಸಿಪಿ ಆರಿಸಬೇಕು, ಒಂದೇ ಬೀದಿಗೆ ಇಬ್ಬರು ಮನೆ ನಂಬರು ಹಂಚಬಾರದು. ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಚುಚ್ಚಬೇಕು. ಅದರ ಪಕ್ಕದಲ್ಲಿ ‘ಇಂಟರ್‌ನೆಟ್’ ಎಂದು ಬರೆದ ಪೋರ್ಟ್ ಇದೆ. ಇಂಟರ್‌ನೆಟ್ ಬರಬೇಕಾದರೆ ಅದನ್ನು ಖಾಲಿ ಬಿಡಬೇಕು.

16.
ಕೇಬಲ್ಲಿನೊಳಗೆ ಎಂಟು ಎಳೆ, ಎರಡೆರಡು ಹೆಣೆದು ನಾಲ್ಕು ಜೊತೆ. 100ರ ವೇಗಕ್ಕೆ ನಾಲ್ಕೇ ಎಳೆ ಸಾಕು. ಉಳಿದ ನಾಲ್ಕು ಸುಮ್ಮನೆ ಜೊತೆಗೆ ಬರುತ್ತವೆ. ಒಂದು ಕೇಬಲ್ 100 ಮೀಟರ್‌ವರೆಗೆ ಹೋಗಬಹುದು. ನಮಗೆ ಬೇಕಾದದ್ದು 18.

17.
ಎಲೆಕ್ಟ್ರಿಷಿಯನ್ ಅದನ್ನು ಕರೆಂಟ್ ಪೈಪಿನೊಳಗೆ ಬಿಡಲು ಒಪ್ಪಲಿಲ್ಲ. ಟಿವಿ ಡಿಶ್‌ಗೆಂದು ಕೊರೆದ ಹಳೆಯ ತೂತಿನಲ್ಲಿ ತೂರಿಸಿದ. ಡಿಶ್ ತಾರಸಿಯಲ್ಲಿ ಈಗಲೂ ಇದೆ. ಅದರ ಮೇಲೆ ಒಂದು ಪಾರಿವಾಳ.

18.
ಎರಡೂ ಪೆಟ್ಟಿಗೆಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬೇರೆ ಬೇರೆ ಚಾನೆಲ್. ಯಾವ ಪೆಟ್ಟಿಗೆಯನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಫೋನು. ಮಗಳು ಕೋಣೆ ಸೇರಿದರೂ ಅವಳ ಫೋನು ಕೆಳಗಿನದನ್ನೇ ಹಿಡಿದುಕೊಂಡಿತ್ತು. ಕೆಳಗಿನ ಪೆಟ್ಟಿಗೆಯ ಶಕ್ತಿ ಇಳಿಸಿದೆ. ಮಹಡಿಯಲ್ಲಿ ವೇಗ ಏರಿತು.

19.
ಕರೆಂಟ್ ಹೋದರೆ ಕೆಳಗಿನ ಪೆಟ್ಟಿಗೆ ಯುಪಿಎಸ್‌ನಲ್ಲಿ ಓಡುತ್ತದೆ. ಮೇಲಿನದಕ್ಕೆ ಆ ಭಾಗ್ಯವಿಲ್ಲ. ಬಿಳಿ ತಟ್ಟೆಯಾಗಿದ್ದರೆ ಅದಕ್ಕೂ ಕೆಳಗಿನಿಂದಲೇ ಕರೆಂಟ್ ಬರುತ್ತಿತ್ತು.

20.
ಕೋಣೆಯಲ್ಲಿ ಈಗ ಮೈನಸ್ 44. ಮಗಳು ಏಳನೇ ಮೆಟ್ಟಿಲ ಮೇಲೆಯೇ ಕೂರುತ್ತಾಳೆ. ಅಲ್ಲಿ ಗಾಳಿ ಬರುತ್ತದಂತೆ.

21.
ಕೊಂಡದ್ದು: ಕೇಬಲ್ 18 ಮೀಟರ್, ಕನೆಕ್ಟರ್ ಎರಡು. ಆಕ್ಸೆಸ್ ಪಾಯಿಂಟ್: ಅಟ್ಟದಿಂದ.